ವೆಲ್ವೆಟ್ ಪರದೆ ಬೇರೆ, ಅಗ್ನಿ ಪರದೆ ಬೇರೆ

ಪ್ರಶ್ನೆ: ತಿಪಟೂರಿನಲ್ಲಿ ನಮ್ಮ ಕಲಾಸಂಘ ಮತ್ತು ಒಂದು ಶಿಕ್ಷಣ ಟ್ರಸ್ಟ್ ಸೇರಿ 600 ಆಸನಗಳ ರಂಗಮಂದಿರ ಕಟ್ಟಿಸುತ್ತಿದ್ದೇವೆ. ವೇದಿಕೆ 40 ಅಡಿ ಅಗಲ, 30 ಅಡಿ ಆಳ. ಪ್ರೇಕ್ಷಕರ ಕಡೆಯ ಬಾಯಿ 30 ಅಡಿ ಅಗಲ, 15 ಅಡಿ ಎತ್ತರ. ಆರ್ಕಿಟೆಕ್ಟ್ ಎರಡು ನಕ್ಷೆ ಕೊಟ್ಟಿದ್ದಾರೆ. ಒಂದರಲ್ಲಿ ವೇದಿಕೆಯ ಸೂರು 24 ಅಡಿ. ಇನ್ನೊಂದರಲ್ಲಿ ಸೀನರಿಗಳನ್ನು ಮೇಲಕ್ಕೆಳೆದುಕೊಳ್ಳಲು 55 ಅಡಿ ಎತ್ತರದ ಗೋಪುರ. ಅಗ್ನಿಶಾಮಕ ಪರದೆ ಬೇಕಾಗಬಹುದು ಎಂದು ಅವರು ಹೇಳಿದರು. ಪರದೆ ಅಂಗಡಿಯವರು ತಮ್ಮ 'ಫೈರ್‌ಪ್ರೂಫ್' ಕೆಂಪು ವೆಲ್ವೆಟ್ ಹಾಕಿದರೆ ಅದೇ ಸಾಕು ಎಂದರು, ನಾವು ಅಡ್ವಾನ್ಸ್ ಕೊಟ್ಟೂ ಆಗಿದೆ. ಎರಡೂ ಒಂದೇನಾ? ನಮಗೆ ಯಾವುದು ಬೇಕು? ನಮ್ಮಲ್ಲಿ ಹೆಚ್ಚಾಗಿ ಆಗುವುದು ಬಾಡಿಗೆ ಸೀನರಿ ತಂದು ಆಡುವ ಪೌರಾಣಿಕ ನಾಟಕಗಳು, ಶಾಲಾ ವಾರ್ಷಿಕೋತ್ಸವಗಳು.
ಸಂಘದ ಕಾರ್ಯದರ್ಶಿ, ತಿಪಟೂರು

ಉತ್ತರ:

ಎರಡೂ ಒಂದಲ್ಲ. ಅಂಗಡಿಯವರು ಕೊಡುತ್ತಿರುವುದು ಸುಲಭಕ್ಕೆ ಹೊತ್ತಿಕೊಳ್ಳದಂತೆ ಔಷಧ ಹಾಕಿದ ಬಟ್ಟೆ. ಅದು ಒಳ್ಳೆಯದೇ, ಬೇಕೇ ಬೇಕು. ಆದರೆ ಆರ್ಕಿಟೆಕ್ಟ್ ಹೇಳಿದ ಅಗ್ನಿ ಪರದೆ ಬಟ್ಟೆಯ ಜಾತಿಗೆ ಸೇರಿದ್ದಲ್ಲ. ಅದು ಗೋಡೆಯ ಒಂದು ಭಾಗ. ವೇದಿಕೆಗೂ ಪ್ರೇಕ್ಷಕರಿಗೂ ನಡುವೆ ಇರುವ ಗೋಡೆಯಲ್ಲಿ ನಾಟಕ ಕಾಣಲೆಂದು ದೊಡ್ಡದೊಂದು ಬಾಯಿ ಬಿಟ್ಟಿರುತ್ತೇವಲ್ಲ, ಪ್ರೊಸೀನಿಯಂ ಎನ್ನುವುದು ಅದನ್ನೇ. ವೇದಿಕೆಗೆ ಬೆಂಕಿ ಬಿದ್ದ ಕ್ಷಣದಲ್ಲಿ ಆ ಬಾಯಿಯನ್ನು ಮುಚ್ಚಿ ಗೋಡೆಯನ್ನು ಪೂರ್ತಿ ಮಾಡುವುದು ಅಗ್ನಿ ಪರದೆಯ ಕೆಲಸ. ಬೆಂಕಿಯನ್ನು ಅದು ಆರಿಸುವುದಿಲ್ಲ. ಜನ ಎದ್ದು ಹೊರಗೆ ಹೋಗಲು ಬೇಕಾದ ಕೆಲವು ನಿಮಿಷಗಳನ್ನು ಗಳಿಸಿಕೊಡುತ್ತದೆ.

ಬೆಂಕಿಯ ವಿಷಯದಲ್ಲಿ ರಂಗಮಂದಿರದ ವೇದಿಕೆಯಷ್ಟು ಅಪಾಯದ ಜಾಗ ಸಾರ್ವಜನಿಕ ಕಟ್ಟಡಗಳಲ್ಲಿ ಕಡಿಮೆ. ಬಟ್ಟೆ, ಮರದ ಚೌಕಟ್ಟು, ಬಣ್ಣ, ಪ್ಲೈವುಡ್ಡು, ಥರ್ಮೊಕೋಲು, ಬಿಸಿ ದೀಪಗಳು, ತಾತ್ಕಾಲಿಕ ವೈರಿಂಗ್, ಎಲ್ಲವೂ ಒಂದೇ ಕಡೆ. ಮೇಲಾಗಿ ಬಟ್ಟೆಯೆಲ್ಲ ನೇತುಹಾಕಿದ್ದು. ನೇತಾಡುವ ಬಟ್ಟೆಗೆ ಕೆಳಗಿನಿಂದ ಕಿಡಿ ತಗುಲಿದರೆ ಜ್ವಾಲೆ ತನ್ನ ಮೇಲಿನ ಬಟ್ಟೆಯನ್ನು ತಾನೇ ಕಾಯಿಸಿಕೊಂಡು ಹತ್ತುತ್ತದೆ. ನೆಲದ ಮೇಲೆ ಮಡಿಸಿಟ್ಟ ಅದೇ ಬಟ್ಟೆ ಅಷ್ಟು ವೇಗವಾಗಿ ಉರಿಯುವುದಿಲ್ಲ. ಇನ್ನು 55 ಅಡಿಯ ಗೋಪುರ ಕಟ್ಟಿ ಅದರ ತುಂಬ ಸೀನರಿ ನೇತುಹಾಕಿದರೆ, ಸೌದೆ ಒಲೆಯ ಮೇಲಿನ ಹೊಗೆಗೂಡಿನೊಳಗೇ ಒಣ ಸೌದೆ ಪೇರಿಸಿಟ್ಟ ಹಾಗೆ. ನಿಮ್ಮ ಎರಡು ನಕ್ಷೆಗಳ ನಡುವಿನ ನಿಜವಾದ ವ್ಯತ್ಯಾಸ ಇದು. ನನ್ನ ಉತ್ತರವೂ ಇದರ ಮೇಲೆಯೇ ನಿಂತಿದೆ.

ರಾಷ್ಟ್ರೀಯ ಕಟ್ಟಡ ಸಂಹಿತೆಯ (2016) ನಾಲ್ಕನೇ ಭಾಗ ಬೆಂಕಿ ಮತ್ತು ಜೀವರಕ್ಷಣೆಗೆ ಮೀಸಲು. ಜನ ಸೇರುವ ಕಟ್ಟಡಗಳು ಅಲ್ಲಿ 'ಡಿ' ಗುಂಪಿನಲ್ಲಿ ಬರುತ್ತವೆ. ಸೀನರಿಗಳನ್ನು ಮೇಲಕ್ಕೆಳೆಯುವ ಗ್ಯಾಲರಿ, ಗ್ರಿಡ್, ಹಗ್ಗ-ರಾಟೆಗಳ ಏರ್ಪಾಡು ಇರುವ ವೇದಿಕೆಗೆ ಸ್ಪ್ರಿಂಕ್ಲರ್ ಜೊತೆಗೆ ಪ್ರೊಸೀನಿಯಂ ಬಾಯಿಗೆ ಅಗ್ನಿ ನಿರೋಧಕ ಪರದೆಯನ್ನೂ ಅದು ಕೇಳುತ್ತದೆ. ಆ ಪರದೆ ಪ್ರತಿ ಚದರ ಮೀಟರಿಗೆ 4 ಕಿಲೋನ್ಯೂಟನ್, ಅಂದರೆ ಸುಮಾರು 400 ಕೆ.ಜಿ. ಭಾರದಷ್ಟು ಅಡ್ಡ ಒತ್ತಡ ತಡೆಯಬೇಕು. ಕರೆಂಟು ಇಲ್ಲದೆಯೂ ಮುಚ್ಚಿಕೊಳ್ಳಬೇಕು. ಮುಚ್ಚಿದ ಮೇಲೆ ಹೊಗೆಗೂ ಸಾಕಷ್ಟು ಬಿಗಿಯಾಗಿರಬೇಕು. ನಿಮ್ಮ ಬಾಯಿಯ ಅಳತೆಗೆ ಲೆಕ್ಕ ಹಾಕಿ ನೋಡಿ: 30 ಅಡಿಗೆ 15 ಅಡಿ ಎಂದರೆ ಸುಮಾರು 42 ಚದರ ಮೀಟರ್, ಒಟ್ಟು ಒತ್ತಡ ಹತ್ತಿರ ಹತ್ತಿರ 17 ಟನ್. ಉಂಗುರಕ್ಕೆ ಸಿಕ್ಕಿಸಿ ಅತ್ತಿತ್ತ ಎಳೆಯುವ ವೆಲ್ವೆಟ್ಟಿನಿಂದ ಇದು ಸಾಧ್ಯವೇ ಎಂದು ಅಂಗಡಿಯವರನ್ನೇ ಕೇಳಿ. ಒತ್ತಡ ಎಲ್ಲಿಂದ ಬರುತ್ತದೆ ಎಂದರೆ, ಮುಚ್ಚಿದ ವೇದಿಕೆಯೊಳಗೆ ಗಾಳಿ ಕಾದು ಹಿಗ್ಗುತ್ತದೆ, ಹಿಗ್ಗಿದ್ದು ಪರದೆಯನ್ನು ಪ್ರೇಕ್ಷಕರ ಕಡೆಗೆ ನೂಕುತ್ತದೆ. ಅದಕ್ಕೇ ಅಗ್ನಿ ಪರದೆಯ ಎರಡೂ ಅಂಚುಗಳು ಸ್ಮೋಕ್ ಪಾಕೆಟ್ ಎಂಬ ಉಕ್ಕಿನ ಚಾನೆಲ್ಲಿನೊಳಗೆ ಆಳವಾಗಿ ಕೂತಿರಬೇಕು, ಮೇಲ್ತುದಿ ಬಾಯಿಯ ಮೇಲಂಚು ದಾಟಿ ಮೇಲೇರಿರಬೇಕು, ಕೆಳತುದಿಯ ಮೆತ್ತನೆ ಪಟ್ಟಿ ನೆಲಕ್ಕೆ ಒತ್ತಿ ಕೂರಬೇಕು.

ಅದು ಕೆಲಸ ಮಾಡುವ ಬಗೆ ಸರಳ. ಸರಳವಾಗಿರುವುದೇ ಅದರ ಬಲ. ಪರದೆಯನ್ನು ಎದುರುಭಾರ ಕಟ್ಟಿ ಮೇಲೆತ್ತಿ ನಿಲ್ಲಿಸಿರುತ್ತಾರೆ. ಎದುರುಭಾರಕ್ಕಿಂತ ಪರದೆ ತುಸು ಹೆಚ್ಚು ತೂಕ. ಹಿಡಿದಿಟ್ಟಿರುವುದು ಒಂದೇ ಒಂದು ಹಗ್ಗ. ಆ ಹಗ್ಗ ಪ್ರೊಸೀನಿಯಂ ಸುತ್ತ ಹಾದು ಬರುತ್ತದೆ, ನಡುನಡುವೆ ಫ್ಯೂಸಿಬಲ್ ಲಿಂಕ್ ಎಂಬ ಬೆಸುಗೆ ಹಾಕಿದ ಕೊಂಡಿಗಳಿರುತ್ತವೆ. ಸುಮಾರು 74 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಬೆಸುಗೆ ಕರಗಿ, ಕೊಂಡಿ ಬಿಟ್ಟು, ಹಗ್ಗ ಸಡಿಲಾಗಿ, ಪರದೆ ತನ್ನ ತೂಕಕ್ಕೆ ತಾನೇ ಇಳಿಯುತ್ತದೆ. ಕೊಂಡಿ ಕರಗುವ ತನಕ ಕಾಯದೆ ಕೈಯಿಂದಲೂ ಬಿಡಬಹುದು. ವೇದಿಕೆಯ ಎರಡೂ ಬದಿಯಲ್ಲಿ ಲಿವರ್ ಅಥವಾ ಹಗ್ಗ ಕತ್ತರಿಸುವ ಚಾಕು ಇರುತ್ತದೆ. ಧಡಾರನೆ ಬಿದ್ದು ಯಾರ ತಲೆಗೂ ಪೆಟ್ಟಾಗದಂತೆ ವೇಗ ತಡೆಯುವ ಸಾಧನವಿರುತ್ತದೆ. ಅಮೆರಿಕದ ಎನ್‌ಎಫ್‌ಪಿಎ 80 ಎಂಬ ಅಗ್ನಿ ಸುರಕ್ಷತಾ ಮಾನದಂಡದ ಪ್ರಕಾರ ಪೂರ್ತಿ ಮುಚ್ಚಲು 30 ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು, ಕೊನೆಯ 8 ಅಡಿ ಇಳಿಯಲು 5 ಸೆಕೆಂಡಿಗಿಂತ ಕಡಿಮೆಯೂ ಆಗಬಾರದು. ಹಿಂದೆ ಪರದೆ ಕಲ್ನಾರಿನದು (ಆಸ್ಬೆಸ್ಟಾಸ್) ಇಲ್ಲವೇ ಕಬ್ಬಿಣದ್ದು. ಈಗ ಉಕ್ಕಿನ ಚೌಕಟ್ಟಿನದು, ಅಥವಾ ಗಾಜಿನ ನಾರಿನ ನೇಯ್ಗೆಯದು.

ನಮ್ಮಲ್ಲಿ ಮಾಲ್‌ಗಳಿಗೆ, ಲಿಫ್ಟ್ ಬಾಗಿಲಿಗೆ ಎಂದು ಮಾರುವ ಮೋಟಾರ್ ಸುರುಳಿ ಪರದೆಗಳನ್ನೇ ರಂಗಮಂದಿರಕ್ಕೂ ತೋರಿಸುತ್ತಾರೆ. ಅದು ತಪ್ಪೆಂದಲ್ಲ. ಆದರೆ ಅಡ್ಡ ಒತ್ತಡದ ಪ್ರಮಾಣಪತ್ರ ಕೇಳಿ, ಮತ್ತು ಕರೆಂಟು, ಬ್ಯಾಟರಿ ಎರಡನ್ನೂ ತೆಗೆಸಿ ನಿಮ್ಮ ಕಣ್ಣೆದುರಿಗೇ ಇಳಿಸಿ ತೋರಿಸಿ ಎನ್ನಿ. ನಾಟಕದ ನಡುವೆ ಲೈನ್ ಹೋಗುವುದು ನಮ್ಮ ಕಡೆ ಹೊಸದಲ್ಲ. ಬೆಂಕಿ ಬಿದ್ದಾಗ ಮೊದಲು ಹೋಗುವುದೂ ಕರೆಂಟೇ.

ಪರದೆ ಇದ್ದೂ ಜನ ಸತ್ತ ಪ್ರಸಂಗಗಳು ಚರಿತ್ರೆಯಲ್ಲಿ ಒಂದೆರಡಲ್ಲ. ನೀವು ಹಣ ಹಾಕುವ ಮುಂಚೆ ಅವುಗಳ ಕಾರಣ ತಿಳಿದುಕೊಳ್ಳುವುದು ಮುಖ್ಯ. 1881ರ ಡಿಸೆಂಬರ್ 8ರಂದು ವಿಯೆನ್ನಾದ ರಿಂಗ್ ಥಿಯೇಟರ್ ಸುಟ್ಟಾಗ ಅಲ್ಲಿ ಕಬ್ಬಿಣದ ಪರದೆ ಇತ್ತು, ಯಾರೂ ಅದನ್ನು ಇಳಿಸಲಿಲ್ಲ. ಅಧಿಕೃತ ಲೆಕ್ಕದಲ್ಲೇ 384 ಮಂದಿ ಸತ್ತರು. 1903ರ ಡಿಸೆಂಬರ್ 30ರಂದು ಶಿಕಾಗೋದ ಇರೋಕ್ವಾ ಥಿಯೇಟರಿನಲ್ಲಿ ಮಕ್ಕಳು-ಮರಿಗಳೇ ತುಂಬಿದ್ದ ಮಧ್ಯಾಹ್ನದ ಆಟ. ಐದು ವಾರದ ಹಿಂದಷ್ಟೇ ತೆರೆದ ಹೊಚ್ಚ ಹೊಸ ಕಟ್ಟಡ. ಬೆಂಕಿಗೆ ಜಗ್ಗದ ಕಟ್ಟಡ ಎಂದೇ ಜಾಹೀರಾತಾಗಿತ್ತು. ಆರ್ಕ್ ದೀಪದ ಕಿಡಿ ಬಟ್ಟೆಗೆ ಹಾರಿತು. ಕಲ್ನಾರಿನ ಪರದೆ ಇಳಿಯತೊಡಗಿ ಅರ್ಧದಲ್ಲಿ ಸಿಕ್ಕಿಹಾಕಿಕೊಂಡಿತು. ವೇದಿಕೆಯ ಸೂರಿನ ಹೊಗೆ ಕಿಂಡಿಗಳು ಮುಚ್ಚಿಯೇ ಇದ್ದವು. ಕಲಾವಿದರು ಪಾರಾಗಲು ಹಿಂಬಾಗಿಲು ತೆರೆದಾಗ ಹೊರಗಿನ ಗಾಳಿ ನುಗ್ಗಿತು, ಮೇಲೆ ಹೋಗಲು ದಾರಿಯಿಲ್ಲದ ಜ್ವಾಲೆ ಪರದೆಯ ಕೆಳಗಿನ ಸಂದಿನಿಂದ ಪ್ರೇಕ್ಷಕರ ಮೇಲೆ ಉಗುಳಿತು. ಹೊರಬಾಗಿಲುಗಳಲ್ಲಿ ಎಷ್ಟೋ ಬೀಗ ಬಿದ್ದಿದ್ದವು. 602 ಜನ ಹೋದರು.

ಏಳು ವರ್ಷ ಬಿಟ್ಟು, 1911ರ ಮೇ 9ರಂದು, ಎಡಿನ್‌ಬರೋದ ಎಂಪೈರ್ ಪ್ಯಾಲೇಸ್‌ನಲ್ಲಿ 'ದಿ ಗ್ರೇಟ್ ಲಾಫಯೆಟ್' ಎಂಬ ಜಾದೂಗಾರನ ಪ್ರದರ್ಶನ. ಸುಮಾರು 3,000 ಪ್ರೇಕ್ಷಕರು. ದೀಪದಿಂದ ಸೆಟ್ಟಿಗೆ ಬೆಂಕಿ ಹತ್ತಿತು. ಅಗ್ನಿ ಪರದೆ ಇಳಿಯಿತು, ವಾದ್ಯದವರು ರಾಷ್ಟ್ರಗೀತೆ ನುಡಿಸಿದರು, ಜನ ಎದ್ದು ಸಾಲಾಗಿ ಹೊರಟರು. ಪ್ರೇಕ್ಷಕರಲ್ಲಿ ಒಬ್ಬರಿಗೂ ಜೀವಹಾನಿ ಆಗಲಿಲ್ಲ. ಪರದೆಯ ಆಚೆ ಉಳಿದ ಜಾದೂಗಾರ ಮತ್ತು ಅವನ ತಂಡದವರು ಮಾತ್ರ ಪಾರಾಗಲಿಲ್ಲ, 11 ಮಂದಿ ಸತ್ತರು.

ಈ ಕೊನೆಯ ಮಾತನ್ನು ನಿಮ್ಮ ಕಟ್ಟಡ ಸಮಿತಿಯ ಮುಂದೆ ಎರಡು ಸಲ ಓದಿ ಹೇಳಿ. ಪರದೆ ಇಳಿದ ಕೂಡಲೇ ಸಭಾಂಗಣದ ಕಡೆಯ ದಾರಿ ಕಲಾವಿದರಿಗೆ ಮುಚ್ಚಿಹೋಗುತ್ತದೆ. ಹಾಗಾಗಿ ವೇದಿಕೆಯಿಂದ, ಗ್ರೀನ್‌ರೂಮಿನಿಂದ ನೇರ ಬಯಲಿಗೆ ತೆರೆಯುವ ಎರಡು ಬಾಗಿಲು ಇರಲೇಬೇಕು, ಎಡಕ್ಕೊಂದು ಬಲಕ್ಕೊಂದು. ನಮ್ಮ ಪೌರಾಣಿಕ ನಾಟಕಗಳಲ್ಲಿ ಒಂದು ಬದಿಯಲ್ಲೇ ಇಪ್ಪತ್ತು-ಮೂವತ್ತು ಜನ ಕಿರೀಟ, ಭುಜಕೀರ್ತಿ, ಉದ್ದ ಮೇಲುವಸ್ತ್ರ ತೊಟ್ಟು ತಮ್ಮ ಪ್ರವೇಶಕ್ಕೆ ಕಾದು ನಿಂತಿರುತ್ತಾರೆ. ಆ ವೇಷದಲ್ಲಿ ಓಡುವುದು ಕಷ್ಟ. ಶಾಲೆಯ ಕಾರ್ಯಕ್ರಮವಾದರಂತೂ ನೈಲಾನ್ ಜರಿಯ ಉಡುಪಿನ ಪುಟ್ಟ ಮಕ್ಕಳು. ಬಹುತೇಕ ಊರುಗಳ ಸಭಾಭವನಗಳಲ್ಲಿ ಹಿಂಬಾಗಿಲಿಗೆ ಒಳಗಿನಿಂದ ಬೀಗ, ಅದರ ಮುಂದೆ ಮುರಿದ ಕುರ್ಚಿಗಳ ರಾಶಿ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಪರದೆಗೆ ಲಕ್ಷಗಟ್ಟಲೆ ಸುರಿದು ಈ ಬಾಗಿಲು ಮರೆತರೆ ನೀವು ಪ್ರೇಕ್ಷಕರನ್ನು ಉಳಿಸಿಕೊಂಡು ಕಲಾವಿದರನ್ನು ಕೈಬಿಟ್ಟ ಹಾಗೆ.

ಈಗ ನಿಮ್ಮ ನಿರ್ಧಾರಕ್ಕೆ ಬರೋಣ. ನನ್ನ ಸ್ಪಷ್ಟ ಅಭಿಪ್ರಾಯ: 24 ಅಡಿಯ ನಕ್ಷೆ ಆರಿಸಿಕೊಳ್ಳಿ. ಗುಬ್ಬಿ ವೀರಣ್ಣನವರ ಜಿಲ್ಲೆಯವರು ನೀವು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ವೇದಿಕೆಗೆ ಆನೆ-ಕುದುರೆ ತಂದು ನಿಲ್ಲಿಸಿದ ವೈಭವದ ನೆನಪು ನಿಮ್ಮ ಸಮಿತಿಯಲ್ಲೂ ಇರುತ್ತದೆ, ದೊಡ್ಡ ವೇದಿಕೆ ಕಟ್ಟುವ ಆಸೆ ಸಹಜ. ಆದರೆ 55 ಅಡಿಯ ಗೋಪುರ ಬೇಕೆಂದರೆ ಅಗ್ನಿ ಪರದೆ, ಸ್ಪ್ರಿಂಕ್ಲರ್, ಅದಕ್ಕೆ ನೀರಿನ ತೊಟ್ಟಿ, ಪಂಪು, ಇವನ್ನೆಲ್ಲ ವರ್ಷವರ್ಷವೂ ನೋಡಿಕೊಳ್ಳುವ ಕಾಯಂ ತಂತ್ರಜ್ಞ, ಇಷ್ಟೂ ಜೊತೆಗೇ ಬರಬೇಕು. ಇವುಗಳಲ್ಲಿ ಒಂದನ್ನು ಬಿಟ್ಟು ಗೋಪುರ ಮಾತ್ರ ಕಟ್ಟುವುದಕ್ಕೆ ನಾನು ಒಪ್ಪುವುದಿಲ್ಲ. ಹದಿನೈದು ದಿನಕ್ಕೊಂದು ಕಾರ್ಯಕ್ರಮ ಆಗುವ ರಂಗಮಂದಿರಕ್ಕೆ ಆ ಹೊರೆ ತೂಗುವುದಿಲ್ಲ. ಮುಟ್ಟದೆ ಬಿಟ್ಟ ಅಗ್ನಿ ಪರದೆಯಲ್ಲಿ ರಾಟೆ ತುಕ್ಕು ಹಿಡಿಯುತ್ತದೆ, ಯಾರೋ ಹಗ್ಗವನ್ನು ಭದ್ರವಾಗಿರಲಿ ಎಂದು ತಂತಿ ಸುತ್ತಿ ಬಿಗಿದಿರುತ್ತಾರೆ. ಆಗ ಅದು ಇದೆ ಎಂಬ ಧೈರ್ಯ ಒಂದೇ ಉಳಿಯುತ್ತದೆ.

ಸೀನರಿಯನ್ನು ಮೇಲಕ್ಕೆಳೆಯುವ ಏರ್ಪಾಡಿಲ್ಲದ 24 ಅಡಿಯ ವೇದಿಕೆಗೆ ಅಗ್ನಿ ಪರದೆ ಮೊದಲ ಖರ್ಚಲ್ಲ. ಅಮೆರಿಕದ ಕಟ್ಟಡ ನಿಯಮದಲ್ಲೂ ವೇದಿಕೆಯ ಎತ್ತರ 50 ಅಡಿ ದಾಟಿದಾಗಲೇ ಅದು ಕಡ್ಡಾಯ. ಅಂತಿಮ ಮಾತು ಮಾತ್ರ ನಿಮ್ಮ ಜಿಲ್ಲೆಯ ಅಗ್ನಿಶಾಮಕ ಅಧಿಕಾರಿಯದು. ಪಾಯ ತೆಗೆಯುವ ಮೊದಲೇ ನಕ್ಷೆ ಹಿಡಿದು ತುಮಕೂರಿಗೆ ಹೋಗಿ ಮಾತಾಡಿ, ಕಟ್ಟಿದ ಮೇಲೆ ಎನ್‌ಒಸಿಗೆ ಓಡಾಡಬೇಡಿ. ಅವರು ಪರದೆ ಬೇಕು ಎಂದರೆ ಹಾಕಲೇಬೇಕು, ವಾದ ಬೇಡ.

ಉಳಿಯುವ ಹಣ ಎಲ್ಲಿ ಹಾಕಬೇಕು? ಮೊದಲು ವೇದಿಕೆಯ ಸೂರಿಗೆ. ಹೊಗೆ ಮೇಲೆ ಹೋಗಲು ದಾರಿ ಕೊಟ್ಟರೆ ಅದು ಪ್ರೇಕ್ಷಕರ ಕಡೆ ಬರುವುದು ತಡವಾಗುತ್ತದೆ. ಅತ್ತಿತ್ತ ಸರಿಸುವ ಸೀನರಿ ಬಳಸುವ ವೇದಿಕೆಯ ಸೂರಿನಲ್ಲಿ ನೆಲದ ವಿಸ್ತೀರ್ಣದ ಎಂಟನೇ ಒಂದು ಭಾಗದಷ್ಟು ತೆರೆಯುವ ಕಿಂಡಿ ಇರಬೇಕೆಂದು ಅದೇ ಸಂಹಿತೆ ಹೇಳುತ್ತದೆ. ಕೆಳಗಿನಿಂದ ಕೈಯಲ್ಲಿ ಎಳೆದರೂ ತೆರೆಯಬೇಕು, ಶಾಖಕ್ಕೆ ತಾನಾಗಿಯೂ ತೆರೆಯಬೇಕು. ನಿಮ್ಮ 1,200 ಚದರ ಅಡಿ ವೇದಿಕೆಗೆ 150 ಚದರ ಅಡಿ. ಮಳೆ ಸೋರುತ್ತದೆ, ಪಾರಿವಾಳ ನುಗ್ಗುತ್ತದೆ ಎಂದು ಆಮೇಲೆ ಯಾರೂ ಸಿಮೆಂಟ್ ಹಾಕಿ ಮುಚ್ಚದಂತೆ ಮೊದಲೇ ಸರಿಯಾದ ಮುಚ್ಚಳ, ಜಾಲರಿ ಮಾಡಿಸಿ. ಶಿಕಾಗೋದಲ್ಲಿ ಮುಚ್ಚಿದ್ದು ಇಂಥವೇ ಕಿಂಡಿಗಳು.

ಆಮೇಲೆ ಸಭಾಂಗಣದ ಬಾಗಿಲುಗಳು. ಹೊರಕ್ಕೆ ತೆರೆಯಬೇಕು, ಮೈ ಒತ್ತಿದರೆ ಸಾಕು ಬಿಚ್ಚಿಕೊಳ್ಳುವ ಪ್ಯಾನಿಕ್ ಬಾರ್ ಇರಬೇಕು, ಕಾರ್ಯಕ್ರಮದ ಹೊತ್ತಿನಲ್ಲಿ ಒಂದಕ್ಕೂ ಬೀಗ ಇರಬಾರದು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರಲ್ಲ, ಬಾಲ್ಕನಿಯಿಂದ ಹೊರಬೀಳುವ ದಾರಿಗೇ ಹೆಚ್ಚುವರಿ ಸೀಟು ಹಾಕಿದ್ದರು. ಬೆಂಕಿಗಿಂತ ಹೊಗೆ ಅವರನ್ನು ಕೊಂದಿತು. ವಾರ್ಷಿಕೋತ್ಸವದ ದಿನ ನಡುದಾರಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕುವ ನಮ್ಮ ಅಭ್ಯಾಸಕ್ಕೆ ನೀವು ಮೊದಲ ದಿನದಿಂದಲೇ 'ಇಲ್ಲ' ಎನ್ನಬೇಕು. ಯಾರು ಬಂದು ಕೇಳಿದರೂ.

ವೈರಿಂಗ್ ಬಗ್ಗೆ ನಿಮ್ಮ ಎಲೆಕ್ಟ್ರಿಷಿಯನ್‌ಗೆ ಗೊತ್ತಿರುತ್ತದೆ. ದೀಪಗಳಿಗೆ ಪ್ರತ್ಯೇಕ ಲೈನು, ಟೇಪ್ ಸುತ್ತಿದ ಜೋಡಣೆ ಬೇಡ, 1,000 ವಾಟ್ ಹ್ಯಾಲೊಜೆನ್ ದೀಪದಿಂದ ಬಟ್ಟೆ ಕನಿಷ್ಠ ಒಂದು ಮೀಟರ್ ದೂರ. ಎಲ್‌ಇಡಿಗೆ ಬದಲಾದರೆ ಈ ಚಿಂತೆ ಬಹಳ ಕಡಿಮೆಯಾಗುತ್ತದೆ.

ನಮ್ಮದೇ ಆದ ಅಪಾಯಗಳೂ ಇವೆ. ನಾಟಕಕ್ಕೆ ಮೊದಲು ವೇದಿಕೆಯ ಮೇಲೆ ಕರ್ಪೂರದ ಆರತಿ. ಅಗ್ನ್ಯಸ್ತ್ರ ತೋರಿಸಲು ಪಂಜಿನ ಮೇಲೆ ರಾಳದ ಪುಡಿ ಎರಚುವುದು. ಮೂಡಲಪಾಯದವರು ಬಯಲಿನಲ್ಲಿ, ಮೇಲೆ ಆಕಾಶವಿದ್ದಾಗ ಮಾಡುತ್ತಿದ್ದ ಚಮತ್ಕಾರ ಅದು, ಸೂರಿನ ಕೆಳಗೆ ಬಟ್ಟೆಗಳ ನಡುವೆ ತರುವುದಲ್ಲ. ಪೂಜೆ ಬೇಡ ಎನ್ನಲಾರೆ, ಎನ್ನುವುದೂ ಇಲ್ಲ. ಪರದೆಯಿಂದ ದೂರ, ವೇದಿಕೆಯ ಮುಂಭಾಗದಲ್ಲಿ, ದಪ್ಪ ತಳದ ಹಿತ್ತಾಳೆ ತಟ್ಟೆಯಲ್ಲಿ ಮಾಡಿ, ಒಬ್ಬರು ಒದ್ದೆ ಗೋಣಿ ಹಿಡಿದು ಪಕ್ಕದಲ್ಲಿ ನಿಲ್ಲಲಿ. ರಾಳ ಮಾತ್ರ ಒಳಾಂಗಣದಲ್ಲಿ ಖಂಡಿತ ಬೇಡ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ, ಸುಲಭವಾಗಿ ಹೊತ್ತುವ ಸಾಮಗ್ರಿ ತುಂಬಿದ ಸೆಟ್ಟಿಗೆ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತದ್ದು ನಮ್ಮ ರಾಜ್ಯದ್ದೇ ನೆನಪು.

ಬಾಡಿಗೆ ಸೀನರಿಗೆ ಬರುತ್ತೇನೆ. ಅರಮನೆ, ಕಾಡು, ಬೀದಿ ಬರೆದ ಆ ಪರದೆಗಳು ಹೆಚ್ಚಾಗಿ ಹತ್ತಿ ಬಟ್ಟೆಯವು, ಔಷಧ ಕಂಡವಲ್ಲ. ಇದಕ್ಕೆ ಹಳೆಯ, ಅಗ್ಗದ ಉಪಾಯವೊಂದಿದೆ. 100 ಲೀಟರ್ ನೀರಿಗೆ 7 ಕೆ.ಜಿ. ಬಿಳಿಗಾರ (ಬೋರಾಕ್ಸ್), 3 ಕೆ.ಜಿ. ಬೋರಿಕ್ ಆಸಿಡ್ ಕರಗಿಸಿ ಹತ್ತಿ ಬಟ್ಟೆಗೆ ಹೀರಿಸಿ ಒಣಗಿಸುವುದು. ಬಣ್ಣ ಬರೆದ ಪರದೆಯಾದರೆ ಬೆನ್ನ ಕಡೆಯಿಂದ ಸಿಂಪಡಿಸಿ, ಮೊದಲು ಒಂದು ಮೂಲೆಯಲ್ಲಿ ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ. ನೀರು ಬಿದ್ದರೆ, ಒಗೆದರೆ ಇದು ಹೋಗಿಬಿಡುತ್ತದೆ, ಮತ್ತೆ ಮಾಡಬೇಕು. ಪಾಲಿಯೆಸ್ಟರ್, ನೈಲಾನ್‌ಗೆ ಇದು ಹಿಡಿಯುವುದಿಲ್ಲ. ತುಮಕೂರು, ತಿಪಟೂರು, ಗುಬ್ಬಿ ಕಡೆಯ ಸಂಘಗಳು ಒಟ್ಟಾಗಿ ಸೀನರಿ ಬಾಡಿಗೆ ಕೊಡುವವರನ್ನು ಕೂರಿಸಿಕೊಂಡು ಮಾತಾಡಿದರೆ ಎಲ್ಲ ಸೆಟ್ಟಿಗೂ ಇದನ್ನು ಮಾಡಿಸುವುದು ದೊಡ್ಡ ಮಾತಲ್ಲ, ಅವರ ಬಂಡವಾಳವೂ ಉಳಿಯುತ್ತದೆ. ಥರ್ಮೊಕೋಲ್ ಮಹಾದ್ವಾರ, ರಥಗಳನ್ನು ಮಾತ್ರ ಒಳಗೆ ಬಿಡಬೇಡಿ. ಅದು ಉರಿಯುತ್ತಲೇ ಕರಗಿ ತೊಟ್ಟಿಕ್ಕುತ್ತದೆ, ಕಪ್ಪು ದಟ್ಟ ಹೊಗೆ ಬಿಡುತ್ತದೆ.

ಮುಂದೆ ಎಂದಾದರೂ ನೀವು ಅಗ್ನಿ ಪರದೆ ಹಾಕುವುದಾದರೆ ಎರಡು ಮಾತು ನೆನಪಿಡಿ. ಅದು ಇಳಿಯುವ ಜಾಗದಲ್ಲಿ ನೆಲಕ್ಕೆ ಅಗಲವಾದ ಗೆರೆ ಬಳಿಸಿ, ಅದರ ಮೇಲೆ ಏನೂ ನಿಲ್ಲಬಾರದು: ಭಾಷಣದ ಪೀಠ, ಸ್ಪೀಕರ್, ಹೂಕುಂಡ, ಹಾರ್ಮೋನಿಯಂ ಮೇಷ್ಟ್ರ ಮಂಚ ಯಾವುದೂ. ಬ್ರಿಟನ್ನಿನಲ್ಲಿ ಅಗ್ನಿ ಪರದೆಯನ್ನು ಪ್ರತಿ ಆಟದಲ್ಲೂ ಪ್ರೇಕ್ಷಕರ ಎದುರಿಗೇ ಒಮ್ಮೆ ಇಳಿಸಿ ತೋರಿಸುವ ನಿಯಮ ಬೆಳೆದುಬಂದದ್ದು ಸುಮ್ಮನೆ ಅಲ್ಲ, ಇಳಿಸಿ ನೋಡದ ಪರದೆಯನ್ನು ನಂಬುವ ಹಾಗಿಲ್ಲ. ಎರಡನೆಯದು ರಿಪೇರಿ ಹೊತ್ತಿನ ಎಚ್ಚರ. 1994ರ ಜನವರಿ 31ರಂದು ಬಾರ್ಸಿಲೋನಾದ ಲಿಸೆಯು ಒಪೆರಾ ಮಂದಿರ ಸುಟ್ಟುಹೋದದ್ದು ಅಲ್ಲಿನ ಉಕ್ಕಿನ ಅಗ್ನಿ ಪರದೆಯನ್ನೇ ದುರಸ್ತಿ ಮಾಡುತ್ತಿದ್ದಾಗ ಹಾರಿದ ಕಿಡಿಯಿಂದ. ವೆಲ್ಡಿಂಗ್ ಇದ್ದ ದಿನ ಬಟ್ಟೆಯೆಲ್ಲ ಕೆಳಗಿಳಿಸಿ ಹೊರಗೆ ಹಾಕಿ, ಕೆಲಸ ಮುಗಿದ ಮೇಲೂ ಒಬ್ಬರು ಒಂದು ಗಂಟೆ ಅಲ್ಲೇ ಕಾವಲಿರಲಿ.

ಕೊನೆಗೆ ಅಡ್ವಾನ್ಸ್ ಕೊಟ್ಟ ವೆಲ್ವೆಟ್ಟು. ವಾಪಸ್ ಮಾಡುವ ಮುಂಚೆ ಪರೀಕ್ಷಿಸಿ. ಅದೇ ತಾನಿನಿಂದ ಅರ್ಧ ಅಂಗುಲ ಅಗಲ, ನಾಲ್ಕು ಅಂಗುಲ ಉದ್ದದ ಪಟ್ಟಿ ಕತ್ತರಿಸಿಕೊಳ್ಳಿ. ಬಯಲಿನಲ್ಲಿ, ಬಕೆಟ್ ನೀರು ಪಕ್ಕದಲ್ಲಿಟ್ಟುಕೊಂಡು, ಇಕ್ಕಳದಲ್ಲಿ ನೇರವಾಗಿ ಹಿಡಿದು ಕೆಳತುದಿಗೆ ಬೆಂಕಿಕಡ್ಡಿ 12 ಸೆಕೆಂಡ್ ಕೊಡಿ. ಕಡ್ಡಿ ತೆಗೆದ ಮೇಲೆ ಎರಡು ಸೆಕೆಂಡಿನೊಳಗೆ ಜ್ವಾಲೆ ತಾನೇ ಆರಬೇಕು, ಉರಿಯುವ ಹನಿ ಕೆಳಗೆ ಬೀಳಬಾರದು. ಆರಿದರೆ ಇಟ್ಟುಕೊಳ್ಳಿ, ನಿಮ್ಮ ಮುಂದಿನ ಪರದೆಗೆ ಅದು ಚೆನ್ನಾಗಿಯೇ ಆಗುತ್ತದೆ. ಕಡ್ಡಿಯ ಪರೀಕ್ಷೆ ಲ್ಯಾಬಿನ ಪರೀಕ್ಷೆಗೆ ಬದಲಿಯಲ್ಲ, ಆದ್ದರಿಂದ ಪರದೆ ಬಟ್ಟೆಗಳಿಗಿರುವ ಭಾರತೀಯ ಮಾನದಂಡ ಐಎಸ್ 15741ರ ಪ್ರಕಾರದ ವರದಿಯನ್ನೂ ಕೇಳಿ. ಔಷಧ ಎಷ್ಟು ಸಲ ಒಗೆದರೆ ಹೋಗುತ್ತದೆ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಆರದಿದ್ದರೆ ಆ ಸುಟ್ಟ ಪಟ್ಟಿಯನ್ನೇ ಅಂಗಡಿಯವರ ಮುಂದಿಟ್ಟು ಅಡ್ವಾನ್ಸ್ ವಾಪಸ್ ಕೇಳಿ.